ಪಠ್ಯಪುಸ್ತಕ ಮತ್ತು ಪ್ರಮಾಣಪತ್ರ: ನಿರಾಶ್ರಿತರ ವಿದ್ಯಾಭ್ಯಾಸದ ಇತಿಹಾಸದಲ್ಲಿ ಒಂದು ವಿಚಾರ

೧

ಯುದ್ಧಗಳ ಇತಿಹಾಸವನ್ನು ಬರೆದವರು ಸೈನ್ಯಗಳ ಚಲನವಲನಕ್ಕೂ ಸಂಧಿಪತ್ರಗಳಿಗೂ ಗಡಿಗಳ ಮಾರ್ಪಾಟಿಗೂ ಕೊಟ್ಟಷ್ಟು ಗಮನವನ್ನು ಯುದ್ಧಕಾಲದಲ್ಲಿ ಬಾಗಿಲು ಮುಚ್ಚಿದ ಶಾಲೆಗಳಿಗೆ ಕೊಟ್ಟಿಲ್ಲ. ವಿದ್ಯಾಭ್ಯಾಸದ ಇತಿಹಾಸವನ್ನು ಬರೆದವರಾದರೋ ಶಾಂತಿಕಾಲದ ಶಾಲೆಯನ್ನೇ ಸಹಜವಾದ ಶಾಲೆಯೆಂದು ಭಾವಿಸಿ, ಅದರ ಆಡಳಿತ, ಪಠ್ಯಕ್ರಮ, ವೆಚ್ಚ ಮೊದಲಾದುವನ್ನು ವಿವರಿಸಿದ್ದಾರೆ. ನಾಡನ್ನು ಬಿಟ್ಟುಹೋಗಬೇಕಾದವರ ಮಕ್ಕಳು ಏನನ್ನು ಕಲಿತರು, ಯಾರಿಂದ ಕಲಿತರು, ಕಲಿತದ್ದಕ್ಕೆ ಯಾರು ಮನ್ನಣೆ ಕೊಟ್ಟರು ಎಂಬ ವಿಚಾರ ಈ ಎರಡು ಬಗೆಯ ಇತಿಹಾಸಗಳ ನಡುವೆ ಬಹುಕಾಲ ಉಪೇಕ್ಷಿತವಾಗಿಯೇ ಉಳಿಯಿತು.

ಇದು ಅಲ್ಪವಾದ ವಿಷಯವಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯು ೨೦೨೩ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶಾಲೆಗೆ ಹೋಗುವ ವಯಸ್ಸಿನ ನಿರಾಶ್ರಿತ ಮಕ್ಕಳ ಸಂಖ್ಯೆ ಸುಮಾರು ೧ ಕೋಟಿ ೪೮ ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲೆಯಿಂದ ಹೊರಗೆ ಉಳಿದಿದ್ದರು. ಶಾಲೆಯ ಒಳಗಿದ್ದವರ ಪಾಲಿಗೂ ಒಂದು ಪ್ರಶ್ನೆ ಉಳಿದೇ ಇರುತ್ತದೆ. ಸ್ವಂತ ನಾಡಿನಲ್ಲಿರುವ ಬಾಲಕನಿಗೆ ಯಾವ ನಾಡಿನ ಪ್ರಜೆಯಾಗಿ ಬಾಳಬೇಕೆಂಬುದು ನಿಶ್ಚಿತವಾಗಿರುತ್ತದೆ. ಅವನ ಪಾಠಗಳು ಆ ನಿಶ್ಚಯದ ಮೇಲೆ ನಿಂತಿರುತ್ತವೆ. ನಿರಾಶ್ರಿತ ಬಾಲಕನಿಗೆ ಆ ನಿಶ್ಚಯವಿಲ್ಲ. ಅವನು ಬಿಟ್ಟುಬಂದ ನಾಡಿಗೆ ಹಿಂದಿರುಗುವನೋ, ಬಂದಿಳಿದ ನಾಡಿನಲ್ಲೇ ನೆಲೆಸುವನೋ, ಮೂರನೆಯ ನಾಡೊಂದಕ್ಕೆ ಹೋಗುವನೋ ಯಾರೂ ಬಲ್ಲವರಿಲ್ಲ. ಹೀಗಿರುವಾಗ ಅವನಿಗೆ ಯಾವ ನಾಳೆಗಾಗಿ ಪಾಠ ಹೇಳಬೇಕು?

ಈ ಪ್ರಶ್ನೆಗೆ ಪ್ರತಿಯೊಂದು ನಿರಾಶ್ರಿತ ಶಾಲೆಯೂ ಕೊಟ್ಟುಕೊಂಡ ಉತ್ತರ ಎರಡು ವಸ್ತುಗಳಲ್ಲಿ ಕಾಣಸಿಗುತ್ತದೆ. ಒಂದು, ಮಗುವಿನ ಕೈಯಲ್ಲಿರುವ ಪಠ್ಯಪುಸ್ತಕ. ಇನ್ನೊಂದು, ವ್ಯಾಸಂಗದ ಕೊನೆಯಲ್ಲಿ ಅದಕ್ಕೆ ದೊರೆಯುವ ಪ್ರಮಾಣಪತ್ರ. ಅಂತರರಾಷ್ಟ್ರೀಯ ವಿದ್ಯಾಭ್ಯಾಸ ಸಂಶೋಧನೆಯು ಈ ಎರಡು ವಸ್ತುಗಳ ಮಹತ್ವವನ್ನು ತಡವಾಗಿ ಗುರುತಿಸಿತೆಂಬುದನ್ನೂ, ನಾಡು ಕಳೆದುಕೊಂಡ ಜನ ಮೊದಲಿನಿಂದಲೇ ಅದನ್ನು ಅರಿತಿದ್ದರೆಂಬುದನ್ನೂ ಕೆಲವು ನಿದರ್ಶನಗಳ ಮೂಲಕ ತೋರಿಸುವುದು ಈ ಲೇಖನದ ಉದ್ದೇಶ.

೨

ದೇಶದೇಶಗಳ ಶಾಲೆಗಳನ್ನು ಹೋಲಿಸಿ ನೋಡುವ ಶಾಸ್ತ್ರವು ಹುಟ್ಟಿದ್ದೇ ಯುದ್ಧದ ನೆರಳಿನಲ್ಲಿ. ನೆಪೋಲಿಯನ್ನನ ಸೈನ್ಯದಲ್ಲಿ ಸೇವೆ ಮಾಡಿದ್ದ ಮಾರ್ಕ್ ಆಂತ್ವಾನ್ ಜೂಲಿಯೆನ್ ಎಂಬ ಫ್ರೆಂಚ್ ವಿದ್ವಾಂಸನು ೧೮೧೭ರಲ್ಲಿ, ಯುರೋಪು ಎರಡು ದಶಕಗಳ ಯುದ್ಧದಿಂದ ಆಗತಾನೆ ಬಿಡುಗಡೆ ಹೊಂದಿದ್ದಾಗ, ನಾನಾ ದೇಶಗಳ ಶಾಲೆಗಳಿಗೆ ಒಂದೇ ಪ್ರಶ್ನಾವಳಿಯನ್ನು ಕಳುಹಿಸಿ ಉತ್ತರಗಳನ್ನು ಕೋಷ್ಟಕಗಳಲ್ಲಿ ಜೋಡಿಸಬೇಕೆಂದು ಸೂಚಿಸಿದನು. ಅವನ ಯೋಜನೆ ಆಗ ಕೈಗೂಡಲಿಲ್ಲ. ಮೊದಲನೆಯ ಮಹಾಯುದ್ಧದ ಅನಂತರ, ೧೯೨೫ರಲ್ಲಿ, ಜಿನೀವಾ ನಗರದಲ್ಲಿ ಅಂತರರಾಷ್ಟ್ರೀಯ ವಿದ್ಯಾಭ್ಯಾಸ ಕಾರ್ಯಾಲಯವು ಸ್ಥಾಪಿತವಾದಾಗ ಅದಕ್ಕೆ ಒಂದು ರೂಪ ಬಂದಿತು. ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ೧೯೨೯ರಿಂದ ೧೯೬೭ರವರೆಗೆ ಈ ಕಾರ್ಯಾಲಯದ ನಿರ್ದೇಶಕರಾಗಿದ್ದರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಅದು ತನ್ನ ಎಂದಿನ ಕೆಲಸವನ್ನು ಬಹುಮಟ್ಟಿಗೆ ಬದಿಗಿಟ್ಟು, ಯುದ್ಧಕೈದಿಗಳ ಶಿಬಿರಗಳಿಗೆ ಲಕ್ಷಾಂತರ ಪುಸ್ತಕಗಳನ್ನು ಕಳುಹಿಸಿಕೊಟ್ಟಿತು.

೧೯೪೨ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮಿತ್ರರಾಷ್ಟ್ರಗಳ ವಿದ್ಯಾಮಂತ್ರಿಗಳ ಸಮ್ಮೇಳನವು ಸೇರಿತು. ಬ್ರಿಟಿಷ್ ವಿದ್ಯಾಮಂಡಲಿಯ ಅಧ್ಯಕ್ಷರಾಗಿದ್ದ ಆರ್. ಎ. ಬಟ್ಲರ್ ಅದನ್ನು ಕರೆದವರಲ್ಲಿ ಮುಖ್ಯರು. ಜರ್ಮನಿಯ ಕೈವಶವಾಗಿದ್ದ ಪೋಲೆಂಡ್, ನಾರ್ವೆ, ಬೆಲ್ಜಿಯಂ, ಗ್ರೀಸ್, ಜೆಕೊಸ್ಲೊವಾಕಿಯಾ ಮೊದಲಾದ ದೇಶಗಳ ಮಂತ್ರಿಗಳು, ತಮ್ಮ ನೆಲದಲ್ಲಿ ಒಂದು ಶಾಲೆಯನ್ನೂ ನಡೆಸಲಾರದ ಸ್ಥಿತಿಯಲ್ಲಿ, ಯುದ್ಧ ಮುಗಿದಮೇಲೆ ಬೇಕಾಗುವ ಪುಸ್ತಕಗಳನ್ನೂ ಉಪಕರಣಗಳನ್ನೂ ಲೆಕ್ಕಹಾಕಲು ಅಲ್ಲಿ ಕುಳಿತರು. ಈ ಸಭೆಗಳಿಂದಲೇ ೧೯೪೫ರ ನವೆಂಬರ್ ೧೬ರಂದು ಅಂಗೀಕೃತವಾದ ಯುನೆಸ್ಕೋದ ಸಂವಿಧಾನವು ಮೂಡಿತು. ಆದುದರಿಂದ ಇಂದಿನ ಅಂತರರಾಷ್ಟ್ರೀಯ ವಿದ್ಯಾಭ್ಯಾಸ ಸಂಸ್ಥೆಗಳಲ್ಲಿ ಅತ್ಯಂತ ದೊಡ್ಡದಾದುದರ ಮೂಲವು ನಾಶವಾದ ಶಾಲೆಗಳ ಪಟ್ಟಿಯಲ್ಲಿದೆಯೆಂದರೆ ಅತಿಶಯೋಕ್ತಿಯಾಗದು.

ಆದರೆ ಈ ಪಟ್ಟಿಯಲ್ಲಿ ಬರುತ್ತಿದ್ದುದು ಕಟ್ಟಡಗಳ, ಪುಸ್ತಕಗಳ, ಪ್ರಯೋಗಶಾಲೆಗಳ ಲೆಕ್ಕ. ಅದೇ ಕಾಲದಲ್ಲಿ ಪೋಲೆಂಡಿನ ಒಳಗೆ ಬೇರೊಂದು ಕೆಲಸ ನಡೆಯುತ್ತಿತ್ತು. ೧೯೩೯ರ ನವೆಂಬರ್ ೬ರಂದು ಕ್ರಾಕೋವ್ ನಗರದಲ್ಲಿ ೧೮೦ಕ್ಕೂ ಹೆಚ್ಚು ವಿದ್ವಾಂಸರನ್ನು ಒಂದೇ ದಿನ ಸೆರೆಹಿಡಿದು ಶಿಬಿರಗಳಿಗೆ ಕಳುಹಿಸಲಾಯಿತು. ವಿಶ್ವವಿದ್ಯಾನಿಲಯಗಳೂ ಪ್ರೌಢಶಾಲೆಗಳೂ ಮುಚ್ಚಲ್ಪಟ್ಟುವು. ಉಳಿದ ಕೆಳಗಿನ ಶಾಲೆಗಳಲ್ಲಿ ಪೋಲೆಂಡಿನ ಚರಿತ್ರೆ ಮತ್ತು ಭೂಗೋಳಗಳ ಬೋಧನೆ ನಿಷಿದ್ಧವಾಯಿತು. ಅದೇ ವರ್ಷ ಉಪಾಧ್ಯಾಯರು ಗುಪ್ತಬೋಧನೆಯ ಸಂಘವೊಂದನ್ನು ಕಟ್ಟಿಕೊಂಡು, ಮನೆಗಳಲ್ಲಿ ಐದಾರು ಮಂದಿ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳತೊಡಗಿದರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಅಪಾಯವಿದ್ದ ಆ ಪರಿಸ್ಥಿತಿಯಲ್ಲಿಯೂ ಅವರು ಪಾಠ ಹೇಳುವುದರಲ್ಲಿಯೇ ತೃಪ್ತರಾಗಲಿಲ್ಲ. ಕ್ರಮವಾಗಿ ಪರೀಕ್ಷೆಗಳನ್ನು ನಡೆಸಿದರು, ಪ್ರೌಢಶಾಲೆಯ ಅಂತಿಮ ಪರೀಕ್ಷೆಯನ್ನೂ ಬಿಡಲಿಲ್ಲ. ಯುದ್ಧ ಮುಗಿದಮೇಲೆ ಈ ವ್ಯಾಸಂಗವನ್ನು ಪರಿಶೀಲಿಸಿ ಮಾನ್ಯಮಾಡಲಾಯಿತು. ಕಲಿತದ್ದು ನಾಳೆ ಯಾರಾದರೊಬ್ಬರ ಮುಂದೆ ಸಲ್ಲಬೇಕು ಎಂಬ ವಿವೇಕ ಆ ಉಪಾಧ್ಯಾಯರಿಗೆ ಇತ್ತು. ಲಂಡನ್ನಿನ ಪಟ್ಟಿಯು ಕಳೆದುಹೋದುದನ್ನು ಎಣಿಸುತ್ತಿದ್ದಾಗ ವಾರ್ಸಾದ ಮನೆಗಳು ಬರಲಿರುವುದನ್ನು ಸಿದ್ಧಪಡಿಸುತ್ತಿದ್ದುವು.

೩

ಯುದ್ಧಾನಂತರ ೧೯೫೧ರಲ್ಲಿ ಏರ್ಪಟ್ಟ ನಿರಾಶ್ರಿತರ ಒಪ್ಪಂದದ ೨೨ನೆಯ ವಿಧಿಯು ಪ್ರಾಥಮಿಕ ವಿದ್ಯಾಭ್ಯಾಸದಲ್ಲಿ ನಿರಾಶ್ರಿತರನ್ನು ಸ್ವದೇಶದ ಪ್ರಜೆಗಳಂತೆಯೇ ನಡೆಸಿಕೊಳ್ಳಬೇಕೆಂದು ವಿಧಿಸಿತು. ಮೇಲಿನ ಹಂತಗಳ ವಿಚಾರದಲ್ಲಿ, ಪರದೇಶದ ಪ್ರಮಾಣಪತ್ರಗಳ ಮನ್ನಣೆಯನ್ನು ಹೆಸರಿಸಿಯೇ ಪ್ರಸ್ತಾಪಿಸಿತು. ಕಾನೂನಿನಲ್ಲಿ ಈ ಅರಿವು ಇದ್ದರೂ ಆಚರಣೆಯ ಕಷ್ಟವು ಪ್ಯಾಲೆಸ್ತೀನೀಯರ ಶಾಲೆಗಳಲ್ಲಿ ಕಂಡುಬಂತು.

೧೯೪೮ರ ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಪ್ಯಾಲೆಸ್ತೀನೀಯರಿಗಾಗಿ ವಿಶ್ವಸಂಸ್ಥೆಯ ಮಹಾಸಭೆ ೧೯೪೯ರ ಡಿಸೆಂಬರ್ ೮ರ ನಿರ್ಣಯದಿಂದ ಒಂದು ಪ್ರತ್ಯೇಕ ಪರಿಹಾರ ಸಂಸ್ಥೆಯನ್ನು ಏರ್ಪಡಿಸಿತು. ೧೯೫೦ರ ಮೇ ೧ರಂದು ಕೆಲಸ ಪ್ರಾರಂಭಿಸಿದ ಈ ಸಂಸ್ಥೆ ಯುನೆಸ್ಕೋದ ಸಹಾಯದಿಂದ ಶಾಲೆಗಳನ್ನು ವ್ಯವಸ್ಥೆಗೊಳಿಸಿತು. ಪರಿಹಾರಕ್ಕೆಂದು ಹುಟ್ಟಿದ ಸಂಸ್ಥೆ ಕಾಲಕ್ರಮದಲ್ಲಿ ಮುಖ್ಯವಾಗಿ ವಿದ್ಯಾಸಂಸ್ಥೆಯೇ ಆಗಿ ಮಾರ್ಪಟ್ಟಿತು. ಗುಡಾರಗಳಲ್ಲಿ ತೊಡಗಿದ ತರಗತಿಗಳಿಗೆ ಉಪಾಧ್ಯಾಯರನ್ನು ಒದಗಿಸುವುದೇ ಮೊದಲು ದೊಡ್ಡ ಸಮಸ್ಯೆಯಾಗಿತ್ತು. ಅದಕ್ಕಾಗಿ ೧೯೬೪ರಲ್ಲಿ ಬೇರೂತಿನಲ್ಲಿ ಸ್ಥಾಪಿತವಾದ ವಿದ್ಯಾಭ್ಯಾಸ ಕೇಂದ್ರವು, ಉಪಾಧ್ಯಾಯರನ್ನು ಶಾಲೆಯಿಂದ ಬಿಡಿಸದೆ, ಅವರು ಕೆಲಸದಲ್ಲಿರುವಾಗಲೇ ಶಿಕ್ಷಣ ಕೊಡುವ ಪದ್ಧತಿಯನ್ನು ರೂಢಿಗೆ ತಂದಿತು.

ಪಠ್ಯಪುಸ್ತಕದ ಪ್ರಶ್ನೆಗೆ ಸಂಸ್ಥೆ ಕಂಡುಕೊಂಡ ಉತ್ತರವು ಆಶ್ರಯ ಕೊಟ್ಟ ನಾಡಿನ ಪಠ್ಯಕ್ರಮವನ್ನು ಅನುಸರಿಸುವುದು. ಜೋರ್ಡಾನ್ ನದಿಯ ಪಶ್ಚಿಮ ದಂಡೆಯಲ್ಲಿ ಜೋರ್ಡಾನಿನ ಪುಸ್ತಕ, ಗಾಜಾ ಪ್ರದೇಶದಲ್ಲಿ ಈಜಿಪ್ಟಿನ ಪುಸ್ತಕ, ಸಿರಿಯಾದಲ್ಲಿ ಸಿರಿಯಾದ್ದು, ಲೆಬನಾನಿನಲ್ಲಿ ಲೆಬನಾನಿನದು. ಹೀಗೆ ಒಂದೇ ಊರಿನಿಂದ ಹೊರಟ ಅಣ್ಣತಮ್ಮಂದಿರ ಮಕ್ಕಳು ಬೇರೆ ಬೇರೆ ಚರಿತ್ರೆಗಳನ್ನು ಓದುವಂತಾಯಿತು. ತಮ್ಮ ನಾಡಿನ ವಿಷಯ ಅವರಿಗೆ ಪರರ ಪುಸ್ತಕದ ಒಂದು ಅಧ್ಯಾಯವಾಗಿ ಮಾತ್ರ ದೊರೆಯಿತು. ಆದರೆ ಇದಕ್ಕೆ ಪ್ರತಿಯಾಗಿ ದೊರೆತ ಲಾಭವೂ ಸಣ್ಣದಲ್ಲ: ಆ ನಾಡಿನ ಪ್ರಮಾಣಪತ್ರ ಅವರ ಕೈಗೆ ಬಂದಿತು. ಅದರ ಬಲದಿಂದ ಒಂದು ತಲೆಮಾರಿನ ಪ್ಯಾಲೆಸ್ತೀನೀಯರು ಅರಬ್ ಜಗತ್ತಿನ ಕಾಲೇಜುಗಳನ್ನೂ, ಕೊಲ್ಲಿ ದೇಶಗಳ ಶಾಲೆ, ಆಸ್ಪತ್ರೆ, ಕಚೇರಿಗಳನ್ನೂ ಸೇರಿದರು.

ಈ ಪ್ರಮಾಣಪತ್ರದ ಬೆಲೆ ಎಷ್ಟೆಂಬುದು ೧೯೬೭ರ ಯುದ್ಧದ ಬಳಿಕ ಸ್ಪಷ್ಟವಾಯಿತು. ಗಾಜಾ ಪ್ರದೇಶ ಇಸ್ರೇಲಿನ ವಶವಾಯಿತು. ಅಲ್ಲಿಯ ವಿದ್ಯಾರ್ಥಿಗಳು ಓದುತ್ತಿದ್ದುದು ಈಜಿಪ್ಟಿನ ಪರೀಕ್ಷೆಗೆ. ಎರಡು ದೇಶಗಳೂ ಯುದ್ಧಸ್ಥಿತಿಯಲ್ಲಿದ್ದುವು. ಆದರೂ ಆ ದಶಕದ ಕೊನೆಯಲ್ಲಿ ಯುನೆಸ್ಕೋದ ಮೇಲ್ವಿಚಾರಣೆಯಲ್ಲಿ ಈಜಿಪ್ಟಿನ ಪ್ರೌಢಶಾಲಾ ಅಂತಿಮ ಪರೀಕ್ಷೆಯನ್ನು ಗಾಜಾದಲ್ಲಿ ನಡೆಸುವ ಏರ್ಪಾಡಾಯಿತು. ಸೈನ್ಯಗಳು ದಾಟಲಾರದ ಗಡಿಯನ್ನು ಉತ್ತರಪತ್ರಿಕೆಗಳ ಕಟ್ಟು ದಾಟಿತು. ಉತ್ತೀರ್ಣರಾದವರಿಗೆ ಈಜಿಪ್ಟಿನ ವಿಶ್ವವಿದ್ಯಾನಿಲಯಗಳ ದಾರಿ ತೆರೆಯಿತು. ರಾಜತಂತ್ರದ ಇತಿಹಾಸದಲ್ಲಿ ಈ ಪ್ರಸಂಗಕ್ಕೆ ಹೆಚ್ಚು ಸ್ಥಳ ಸಿಕ್ಕಿಲ್ಲ. ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ಸಾಕ್ಷ್ಯ ದೊರೆಯುವುದು ಕಷ್ಟ. ೨೦೨೩ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಯುದ್ಧದಲ್ಲಿ ಅದೇ ಗಾಜಾದ ಶಾಲಾಕಟ್ಟಡಗಳು ಜನರ ಆಶ್ರಯಸ್ಥಾನಗಳಾದುವು, ಬಹುಪಾಲು ಹಾನಿಗೊಳಗಾದುವು. ಕಟ್ಟಡವನ್ನು ಮತ್ತೆ ಕಟ್ಟಬಹುದು. ಪರೀಕ್ಷೆಯಿಲ್ಲದೆ ಕಳೆದ ವರ್ಷವನ್ನು ವಿದ್ಯಾರ್ಥಿಗೆ ಹಿಂದಕ್ಕೆ ಕೊಡುವುದು ಅದಕ್ಕಿಂತ ಕಷ್ಟ.

೪

ಇದೇ ಸಮಸ್ಯೆ ಕನ್ನಡ ನಾಡಿನ ನೆಲದಲ್ಲಿಯೂ ತಲೆದೋರಿತು. ೧೯೫೯ರ ಮಾರ್ಚಿಯಲ್ಲಿ ದಲಾಯಿ ಲಾಮಾ ಅವರು ಟಿಬೆಟ್ಟನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಟಿಬೆಟನ್ನರು ಹಿಮಾಲಯವನ್ನು ದಾಟಿದರು. ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣದ ಸಮೀಪದ ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಭೂಮಿಯನ್ನು ಒದಗಿಸಿ, ೧೯೬೦ರಲ್ಲಿ ಅವರ ನೆಲಸುನಾಡಿಗೆ ಅವಕಾಶ ಮಾಡಿಕೊಟ್ಟಿತು. ಮುಂದೆ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ, ಹುಣಸೂರು, ಕೊಳ್ಳೇಗಾಲ ಸೀಮೆಗಳಲ್ಲಿಯೂ ಇಂತಹ ನೆಲೆಗಳು ಏರ್ಪಟ್ಟುವು. ಕಾಡನ್ನು ಕಡಿದು ಹೊಲ ಮಾಡುವ ಕೆಲಸದ ಜೊತೆಜೊತೆಗೇ ಮಕ್ಕಳ ಶಾಲೆಯ ಚಿಂತೆಯೂ ನಡೆಯಿತು.

ಭಾರತವು ೧೯೫೧ರ ಒಪ್ಪಂದಕ್ಕೆ ಸಹಿ ಹಾಕಿದ ದೇಶವಲ್ಲ. ಹಾಗಿದ್ದರೂ ೧೯೬೦ರ ಮಾರ್ಚಿಯಲ್ಲಿ ಮಸ್ಸೂರಿಯಲ್ಲಿ ಮೊದಲನೆಯ ಟಿಬೆಟನ್ ಶಾಲೆ ಪ್ರಾರಂಭವಾಯಿತು. ೧೯೬೧ರಲ್ಲಿ ಕೇಂದ್ರ ವಿದ್ಯಾಮಂತ್ರಿ ಶಾಖೆಯ ಆಶ್ರಯದಲ್ಲಿ ಟಿಬೆಟನ್ ಶಾಲೆಗಳ ಸಂಘವೊಂದು ಸ್ವಾಯತ್ತ ಸಂಸ್ಥೆಯಾಗಿ ಸ್ಥಾಪಿತವಾಯಿತು. ನಿರಾಶ್ರಿತ ಮಕ್ಕಳನ್ನು ಊರಶಾಲೆಗಳಲ್ಲಿ ಬೆರೆಸದೆ, ಅವರ ಭಾಷೆ ಸಂಸ್ಕೃತಿಗಳು ಉಳಿಯುವಂತೆ ಪ್ರತ್ಯೇಕ ಶಾಲೆಗಳನ್ನು ನಡೆಸಬೇಕೆಂಬ ದಲಾಯಿ ಲಾಮಾ ಅವರ ಕೋರಿಕೆಗೆ ಪ್ರಧಾನಿ ನೆಹರೂ ಅವರು ಒಪ್ಪಿಗೆ ಕೊಟ್ಟುದು ಇದಕ್ಕೆ ತಳಹದಿ.

ಈ ವ್ಯವಸ್ಥೆಯ ವಿಶೇಷವು, ಅದು ಪಠ್ಯಪುಸ್ತಕವನ್ನೂ ಪ್ರಮಾಣಪತ್ರವನ್ನೂ ಎರಡು ಬೇರೆ ಬೇರೆ ದಿಕ್ಕುಗಳಿಂದ ತಂದುಕೊಂಡುದರಲ್ಲಿದೆ. ಟಿಬೆಟನ್ ಭಾಷೆ, ಚರಿತ್ರೆ, ಧರ್ಮಗಳ ಪಾಠ ತಮ್ಮವರಿಂದ; ಗಣಿತ, ವಿಜ್ಞಾನಾದಿಗಳೂ ಕೊನೆಯ ಪರೀಕ್ಷೆಯೂ ಭಾರತದ ಕೇಂದ್ರ ಪ್ರೌಢಶಿಕ್ಷಣ ಮಂಡಲಿಯಿಂದ. ಪ್ಯಾಲೆಸ್ತೀನಿನ ಮಗು ಪರರ ಪುಸ್ತಕದಲ್ಲಿ ತನ್ನನ್ನು ಹುಡುಕಬೇಕಾಗಿದ್ದರೆ, ಬೈಲಕುಪ್ಪೆಯ ಮಗುವಿಗೆ ತನ್ನ ಪುಸ್ತಕವೂ ಪರರ ಮುದ್ರೆಯೂ ಏಕಕಾಲದಲ್ಲಿ ದೊರೆತುವು. ಇದರ ಹೊರೆಯೂ ಕಡಿಮೆಯದಲ್ಲ. ಪರೀಕ್ಷೆ ಇಂಗ್ಲಿಷಿನಲ್ಲಿ ನಡೆಯುವಾಗ ಪಾಠವೂ ಇಂಗ್ಲಿಷಿನತ್ತ ವಾಲುವುದು ಸಹಜ. ಆದುದರಿಂದ ೧೯೮೦ರ ದಶಕದಿಂದ ಕೆಳಗಿನ ತರಗತಿಗಳನ್ನು ಟಿಬೆಟನ್ ಮಾಧ್ಯಮಕ್ಕೆ ತಿರುಗಿಸುವ ಪ್ರಯತ್ನ ನಡೆಯಿತು. ೨೦೦೪ರಲ್ಲಿ ಅವರು ರೂಪಿಸಿಕೊಂಡ ಮೂಲ ವಿದ್ಯಾಭ್ಯಾಸ ನೀತಿಯು ಮಾತೃಭಾಷೆಗೆ ಮೊದಲನೆಯ ಸ್ಥಾನವನ್ನು ಕೊಟ್ಟಿತು. ಇನ್ನೂ ಒಂದು ಮಿತಿಯನ್ನು ಹೇಳಬೇಕು: ಪ್ರಮಾಣಪತ್ರವು ಕಾಲೇಜಿನ ಬಾಗಿಲನ್ನು ತೆರೆಯಿತು, ಆದರೆ ಪೌರತ್ವವನ್ನು ತಂದುಕೊಡಲಿಲ್ಲ. ಪೌರತ್ವವನ್ನು ಬೇಡುವ ಉದ್ಯೋಗದ ಮುಂದೆ ಅಂಕಪಟ್ಟಿಯೊಂದೇ ಸಾಲದು. ಶಾಲೆಯು ತನ್ನ ಪಾಲಿನ ಕೆಲಸವನ್ನು ಮಾಡಿ ಮುಗಿಸಿದಮೇಲೂ ರಾಜ್ಯವು ಮಾಡಬೇಕಾದ ಕೆಲಸ ಉಳಿದಿರುತ್ತದೆಂಬುದಕ್ಕೆ ಇದು ನಿದರ್ಶನ.

೫

ಪಠ್ಯಪುಸ್ತಕವನ್ನು ಯಾರು ಬರೆಯುತ್ತಾರೆಂಬುದನ್ನು ಕಡೆಗಣಿಸಿದರೆ ಏನಾಗಬಹುದೆಂಬುದನ್ನು ಆಫ್ಘಾನಿಸ್ಥಾನದ ನಿದರ್ಶನ ತೋರಿಸುತ್ತದೆ. ೧೯೭೯ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಆ ನಾಡನ್ನು ಪ್ರವೇಶಿಸಿದ ಬಳಿಕ ೩೦ ಲಕ್ಷಕ್ಕೂ ಹೆಚ್ಚು ಮಂದಿ ಪಾಕಿಸ್ತಾನವನ್ನು ಸೇರಿದರು. ಅವರ ಮಕ್ಕಳಿಗಾಗಿ, ಅಮೆರಿಕದ ಸರ್ಕಾರದ ಹಣದಿಂದ, ನೆಬ್ರಾಸ್ಕಾ ವಿಶ್ವವಿದ್ಯಾನಿಲಯದ ಒಮಾಹಾ ಶಾಖೆಯು ೧೯೮೦ರ ದಶಕದಲ್ಲಿ ಪೇಷಾವರದ ಕೇಂದ್ರವೊಂದರ ಮೂಲಕ ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿ ಹಂಚಿತು. ಅಕ್ಷರಾಭ್ಯಾಸದ ಪಾಠಗಳಲ್ಲಿ ಧರ್ಮಯುದ್ಧದ ಪದಗಳೂ ಆಯುಧಗಳ ಚಿತ್ರಗಳೂ ಬಂದುವು. ಕೂಡುವ ಕಳೆಯುವ ಲೆಕ್ಕಗಳಲ್ಲಿ ಹಣ್ಣುಗಳ ಬದಲು ಗುಂಡುಗಳೂ ಬಂದೂಕುಗಳೂ ಬಂದುವು. ಸೋವಿಯತ್ ಸೈನ್ಯ ೧೯೮೯ರಲ್ಲಿ ಹಿಂದಿರುಗಿತು. ಪುಸ್ತಕಗಳು ಹಿಂದಿರುಗಲಿಲ್ಲ, ಅವು ನಾಡಿನ ಒಳಕ್ಕೆ ಹೋಗಿ ವರ್ಷಗಟ್ಟಲೆ ಬಳಕೆಯಲ್ಲಿ ಉಳಿದುವು. ೨೦೦೨ರಲ್ಲಿ ಹೊಸ ಸರ್ಕಾರದ ಶಾಲೆಗಳಿಗಾಗಿ ಪುಸ್ತಕಗಳು ತುರ್ತಾಗಿ ಬೇಕಾದಾಗ ಈ ಹಳೆಯವನ್ನೇ, ಹಿಂಸೆಯ ಭಾಗಗಳನ್ನು ತೆಗೆದು, ಮತ್ತೆ ಅಚ್ಚುಮಾಡಿಸಬೇಕಾಯಿತು. ಯುನಿಸೆಫ್ ಸಂಸ್ಥೆ ೨೦೦೦ದಲ್ಲಿ ಪ್ರಕಟಿಸಿದ ಕೆನೆತ್ ಬುಷ್ ಮತ್ತು ಡಯಾನಾ ಸಾಲ್ಟರೆಲ್ಲಿ ಅವರ ಅಧ್ಯಯನವು, ವಿದ್ಯಾಭ್ಯಾಸಕ್ಕೆ ಎರಡು ಮುಖಗಳುಂಟು, ಅದು ದ್ವೇಷವನ್ನು ತಣಿಸಲೂ ಬಲ್ಲುದು ಬೆಳೆಸಲೂ ಬಲ್ಲುದು ಎಂದು ವಾದಿಸಿತು. ಶಾಲೆಯೆಂದರೆ ತಾನಾಗಿಯೇ ಒಳ್ಳೆಯದೆಂಬ ನಂಬಿಕೆಗೆ ಇದರಿಂದ ತಡೆ ಬಿದ್ದಿತು.

೬

ಯುದ್ಧಕಾಲದ ವಿದ್ಯಾಭ್ಯಾಸವು ಒಂದು ಪ್ರತ್ಯೇಕ ಅಧ್ಯಯನವಿಷಯವಾಗಿ ರೂಪುಗೊಂಡುದು ೧೯೯೦ರ ದಶಕದಲ್ಲಿ. ಸೊಮಾಲಿಯಾ ಮತ್ತು ರುವಾಂಡಗಳಲ್ಲಿ ಸಾಮಾಜಿಕ ವ್ಯವಸ್ಥೆಯೇ ಕುಸಿದಾಗ, ಹಲಗೆ, ಬಳಪ, ಪುಸ್ತಕ, ಉಪಾಧ್ಯಾಯರ ಕೈಪಿಡಿ ಇವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಕಳುಹಿಸುವ ಪದ್ಧತಿ ಬಳಕೆಗೆ ಬಂದಿತು. ೧೯೯೬ರಲ್ಲಿ ಮೊಜಾಂಬಿಕಿನ ಮಾಜಿ ವಿದ್ಯಾಮಂತ್ರಿ ಗ್ರಾಸಾ ಮಾಶೆಲ್ ಅವರು ಯುದ್ಧದಿಂದ ಮಕ್ಕಳ ಮೇಲಾಗುವ ಪರಿಣಾಮವನ್ನು ಕುರಿತು ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿಯು, ಅನ್ನ, ಔಷಧಿ, ವಸತಿಗಳಂತೆಯೇ ವಿದ್ಯಾಭ್ಯಾಸವೂ ಪರಿಹಾರಕಾರ್ಯದ ಅಂಗವಾಗಬೇಕೆಂದು ಒತ್ತಿ ಹೇಳಿತು. ೨೦೦೦ದಲ್ಲಿ ಈ ಕೆಲಸದಲ್ಲಿ ತೊಡಗಿದ ಸಂಸ್ಥೆಗಳ ಒಂದು ಜಾಲ ಏರ್ಪಟ್ಟು, ೨೦೦೪ರಲ್ಲಿ ಕನಿಷ್ಠ ಮಟ್ಟಗಳ ಕೈಪಿಡಿಯೊಂದನ್ನು ಪ್ರಕಟಿಸಿತು. ಅದನ್ನು ೨೦೧೦ರಲ್ಲಿಯೂ ೨೦೨೪ರಲ್ಲಿಯೂ ಪರಿಷ್ಕರಿಸಲಾಗಿದೆ.

ಪೆಟ್ಟಿಗೆಯಿಂದ ಶಾಲೆಯನ್ನು ತೆರೆಯಬಹುದು; ಆದರೆ ಅದರೊಳಗೆ ಪ್ರಮಾಣಪತ್ರವಿರುವುದಿಲ್ಲ. ಈ ಕೊರತೆ ಸಂಶೋಧಕರ ಕಣ್ಣಿಗೆ ಬಿದ್ದುದು ಪಶ್ಚಿಮ ಆಫ್ರಿಕದ ಅನುಭವದಿಂದ. ಲೈಬೀರಿಯಾ ಮತ್ತು ಸಿಯೆರಾ ಲಿಯೋನ್‌ಗಳ ಯುದ್ಧಗಳಿಂದ ತಪ್ಪಿಸಿಕೊಂಡು ಗಿನಿ ದೇಶಕ್ಕೆ ಬಂದವರಲ್ಲಿದ್ದ ಉಪಾಧ್ಯಾಯರು ತಮ್ಮ ನಾಡಿನ ಪಠ್ಯಕ್ರಮವನ್ನೇ ಹಿಡಿದು ಇಂಗ್ಲಿಷಿನಲ್ಲಿ ಶಾಲೆಗಳನ್ನು ನಡೆಸಿದರು. ಗಿನಿಯ ಆಡಳಿತಭಾಷೆ ಫ್ರೆಂಚ್. ಅಲ್ಲಿಯ ಪರೀಕ್ಷೆ ಈ ಮಕ್ಕಳಿಗೆ ಸಲ್ಲದು. ಊರಿನ ಪರೀಕ್ಷೆ ಗಡಿಯಾಚೆ ಉಳಿದಿತ್ತು. ಕೊನೆಗೆ ಇಂಗ್ಲಿಷ್ ಮಾತಾಡುವ ಪಶ್ಚಿಮ ಆಫ್ರಿಕದ ದೇಶಗಳಿಗೆ ಸಾಮಾನ್ಯವಾದ ಪರೀಕ್ಷಾಮಂಡಲಿಯ ಮೂಲಕ ಮನ್ನಣೆಯ ದಾರಿಯನ್ನು ಹುಡುಕಬೇಕಾಯಿತು. ಇಂತಹ ಅನುಭವಗಳನ್ನು ಒಟ್ಟುಗೂಡಿಸಿ, ಪ್ರಮಾಣಪತ್ರದ ಪ್ರಶ್ನೆಗೇ ಮೀಸಲಾದ ಗ್ರಂಥವೊಂದನ್ನು ಜಾಕಿ ಕರ್ಕ್ ಎಂಬ ವಿದುಷಿ ಸಂಪಾದಿಸಿದರು. ೨೦೦೮ರ ಆಗಸ್ಟಿನಲ್ಲಿ ಆಫ್ಘಾನಿಸ್ಥಾನದಲ್ಲಿ ಶಾಲೆಗಳ ಕೆಲಸಕ್ಕಾಗಿ ಪ್ರಯಾಣ ಮಾಡುತ್ತಿದ್ದಾಗ ಅವರೂ ಅವರ ಸಹೋದ್ಯೋಗಿಗಳೂ ಕೊಲೆಯಾದರು. ಗ್ರಂಥವು ೨೦೦೯ರಲ್ಲಿ ಯುನೆಸ್ಕೋದ ಯೋಜನಾಸಂಸ್ಥೆಯಿಂದ ಹೊರಬಂತು. ಪೋಲೆಂಡಿನ ಗುಪ್ತಪರೀಕ್ಷೆಗಳಿಂದ ಲೆಕ್ಕಹಾಕಿದರೆ, ಉಪಾಧ್ಯಾಯರಿಗೆ ತಿಳಿದಿದ್ದ ವಿಷಯ ಸಂಶೋಧನೆಯ ಗ್ರಂಥವಾಗುವುದಕ್ಕೆ ೭೦ ವರ್ಷಗಳು ಬೇಕಾದುವು.

ಸಂಶೋಧನೆಯು ಬೇರೆ ದಿಕ್ಕುಗಳಲ್ಲಿ ಸಾಧಿಸಿದ್ದನ್ನು ಕಡಿಮೆಯೆಣಿಸಬಾರದು. ಆಫ್ಘಾನಿಸ್ಥಾನದ ಘೋರ್ ಪ್ರಾಂತದ ೩೧ ಹಳ್ಳಿಗಳಲ್ಲಿ ಡಾನಾ ಬರ್ಡ್ ಮತ್ತು ಲೀ ಲಿಂಡನ್ ೨೦೦೭ರಲ್ಲಿ ತೊಡಗಿ ನಡೆಸಿದ ಪ್ರಯೋಗವು, ಶಾಲೆಯನ್ನು ಹಳ್ಳಿಯ ಒಳಗೇ ತಂದರೆ ಹುಡುಗಿಯರ ಹಾಜರಾತಿ ಶೇಕಡ ೫೨ ಅಂಶಗಳಷ್ಟು ಏರುತ್ತದೆಂದೂ, ದಾಖಲಾತಿಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರ ಅಳಿಯುತ್ತದೆಂದೂ ತೋರಿಸಿಕೊಟ್ಟಿತು. ಹುಡುಗಿಯರು ಓದದಿರುವುದಕ್ಕೆ ತಂದೆತಾಯಿಗಳ ಅನಾಸಕ್ತಿಯೇ ಕಾರಣವೆಂದು ಹೇಳುವವರಿಗೆ ಇದು ಸಮರ್ಪಕವಾದ ಉತ್ತರ. ಅದೇ ನಾಡಿನಲ್ಲಿ ೨೦೨೧ರ ಬಳಿಕ ಹುಡುಗಿಯರ ಪ್ರೌಢಶಿಕ್ಷಣವನ್ನೂ, ೨೦೨೨ರ ಡಿಸೆಂಬರಿನಿಂದ ಅವರ ವಿಶ್ವವಿದ್ಯಾನಿಲಯ ಪ್ರವೇಶವನ್ನೂ ಆಳುವವರು ನಿಷೇಧಿಸಿದ್ದಾರೆ. ದೂರವನ್ನು ಸಂಶೋಧನೆ ಅಳೆಯಬಲ್ಲುದು, ನಿಷೇಧವನ್ನು ತೆಗೆಯಲಾರದು.

೨೦೧೨ರಲ್ಲಿ ನಿರಾಶ್ರಿತರ ಹೈಕಮಿಷನರ್ ಕಚೇರಿ ತನ್ನ ನೀತಿಯನ್ನು ಬದಲಾಯಿಸಿ, ಪ್ರತ್ಯೇಕ ಶಾಲೆಗಳ ಬದಲು ಆಶ್ರಯ ನಾಡಿನ ಶಾಲಾವ್ಯವಸ್ಥೆಯಲ್ಲಿಯೇ ಮಕ್ಕಳನ್ನು ಸೇರಿಸಬೇಕೆಂದು ನಿಶ್ಚಯಿಸಿತು. ಇದರಿಂದ ಪ್ರಮಾಣಪತ್ರದ ಸಮಸ್ಯೆ ಒಂದು ಮಟ್ಟಿಗೆ ಪರಿಹಾರವಾಗುತ್ತದೆ. ಪಠ್ಯಪುಸ್ತಕದ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಟರ್ಕಿಯಲ್ಲಿ ಸಿರಿಯಾದ ಮಕ್ಕಳು ಮೊದಲು ಅರಬ್ಬಿಯಲ್ಲಿ ಓದುತ್ತಿದ್ದ ತಾತ್ಕಾಲಿಕ ಕೇಂದ್ರಗಳನ್ನು ೨೦೧೬ರಿಂದ ಕ್ರಮೇಣ ಮುಚ್ಚಿ ಅವರನ್ನು ಟರ್ಕಿಭಾಷೆಯ ಶಾಲೆಗಳಿಗೆ ಸೇರಿಸಿದಾಗ ಈ ಕೊಡುಕೊಳ್ಳುವಿಕೆ ಮತ್ತೊಮ್ಮೆ ಕಂಡುಬಂತು. ಸಾರಾ ಡ್ರೈಡನ್ ಪೀಟರ್ಸನ್ ಅವರು ತಮ್ಮ ಅಧ್ಯಯನಗಳಲ್ಲಿ, ನಿರಾಶ್ರಿತ ಮಗುವಿನ ಶಾಲೆಯು ಗೊತ್ತಿಲ್ಲದ ಭವಿಷ್ಯಕ್ಕಾಗಿ ನಡೆಯುವ ಶಾಲೆಯೆಂದು ನಿರೂಪಿಸಿರುವುದು ಈ ಕಾರಣದಿಂದಲೇ.

೭

ಮೇಲಿನ ನಿದರ್ಶನಗಳಿಂದ ಮೂರು ಸಂಗತಿಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ಯುದ್ಧಕಾಲದಲ್ಲಿ ಶಾಲೆಯನ್ನು ತೆರೆದವರಲ್ಲಿ ಮೊದಲಿಗರು ಬಹುಶಃ ಎಲ್ಲ ಕಡೆಗಳಲ್ಲಿಯೂ ಆ ಜನರ ಉಪಾಧ್ಯಾಯರೇ. ಸಂಸ್ಥೆಗಳು ಅನಂತರ ಬಂದುವು, ಸಂಶೋಧನೆ ಅದಕ್ಕೂ ಅನಂತರ. ಎರಡನೆಯದಾಗಿ, ಪಠ್ಯಪುಸ್ತಕವು ಮಗುವನ್ನು ಅದರ ಹಿಂದಿನ ಕಾಲಕ್ಕೆ ಕಟ್ಟುತ್ತದೆ, ಪ್ರಮಾಣಪತ್ರವು ಮುಂದಿನ ಕಾಲಕ್ಕೆ ಕಟ್ಟುತ್ತದೆ. ಒಂದನ್ನು ಮಾತ್ರ ಕೊಟ್ಟ ವ್ಯವಸ್ಥೆಗಳು ಅರ್ಧ ಕೆಲಸವನ್ನು ಮಾಡಿದಂತೆ. ಬೈಲಕುಪ್ಪೆಯ ವ್ಯವಸ್ಥೆ ತನ್ನ ನ್ಯೂನತೆಗಳೊಡನೆಯೂ ಎರಡನ್ನೂ ಕೊಡಲು ಯತ್ನಿಸಿದುದರಿಂದ, ಅಂತರರಾಷ್ಟ್ರೀಯ ಚರ್ಚೆಯಲ್ಲಿ ಅದಕ್ಕೆ ಈಗಿರುವುದಕ್ಕಿಂತ ಹೆಚ್ಚಿನ ಸ್ಥಾನ ಸಲ್ಲಬೇಕು. ಮೂರನೆಯದಾಗಿ, ಈ ಎರಡು ವಸ್ತುಗಳೂ ರಾಜ್ಯಗಳ ಅಧೀನದಲ್ಲಿರುವುದರಿಂದ, ಸಮಸ್ಯೆಯ ಪರಿಹಾರವು ಕೊನೆಗೆ ರಾಜಕೀಯವಾದುದು.

ಹಸಿವು ರೋಗಗಳ ನಡುವೆ ಪರೀಕ್ಷೆಯ ಚಿಂತೆ ಅತಿಯಾಯಿತೆಂದು ಯಾರಾದರೂ ಆಕ್ಷೇಪಿಸಬಹುದು. ಅನ್ನವೇ ಮೊದಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿರಾಶ್ರಿತರ ಬಾಳು ಕೆಲವು ತಿಂಗಳುಗಳ ಆಪತ್ತಲ್ಲ. ಪ್ಯಾಲೆಸ್ತೀನೀಯರದು ಮುಕ್ಕಾಲು ಶತಮಾನವನ್ನು ಮೀರಿತು; ಟಿಬೆಟನ್ನರದು ಆರು ದಶಕಗಳನ್ನು ದಾಟಿತು. ಆಪತ್ತೇ ಒಂದು ಆಯುಷ್ಯದಷ್ಟು ಉದ್ದವಾದಾಗ, ತಾತ್ಕಾಲಿಕವೆಂದು ತೆರೆದ ಶಾಲೆಯೇ ಆ ಮಗುವಿಗೆ ದೊರೆಯುವ ಒಂದೇ ಶಾಲೆಯಾಗುತ್ತದೆ. ಯುನೆಸ್ಕೋ ೨೦೧೯ರಲ್ಲಿ ಅಂಗೀಕರಿಸಿದ, ೨೦೨೩ರ ಮಾರ್ಚಿಯಲ್ಲಿ ಜಾರಿಗೆ ಬಂದ ಉಚ್ಚಶಿಕ್ಷಣದ ಅರ್ಹತೆಗಳ ಜಾಗತಿಕ ಒಪ್ಪಂದವು, ದಾಖಲೆ ಕಳೆದುಕೊಂಡ ನಿರಾಶ್ರಿತರ ವ್ಯಾಸಂಗವನ್ನೂ ಪರಿಶೀಲಿಸಿ ಮನ್ನಿಸಬೇಕೆಂದು ಹೇಳುತ್ತದೆ. ಇದು ಸರಿಯಾದ ದಿಕ್ಕಿನಲ್ಲಿ ಇಟ್ಟ ಹೆಜ್ಜೆ. ಆದರೆ ಇದು ಉಚ್ಚಶಿಕ್ಷಣಕ್ಕೆ ಮಾತ್ರ ಸಂಬಂಧಿಸಿದುದು, ಅಲ್ಲಿಯವರೆಗೆ ಬರುವ ನಿರಾಶ್ರಿತರು ನೂರಕ್ಕೆ ಹತ್ತು ಮಂದಿಯೂ ಇಲ್ಲ.

ಇತಿಹಾಸಕಾರನಿಗೂ ಇಲ್ಲಿ ಒಂದು ಕರ್ತವ್ಯವುಂಟು. ಹಾಜರಿಪುಸ್ತಕ, ಅಂಕಪಟ್ಟಿ, ಕೈಬರಹದ ಪ್ರಶ್ನಪತ್ರಿಕೆ, ಹರಿದ ಪಠ್ಯಪುಸ್ತಕ ಇವು ರಾಜಶಾಸನಗಳಂತೆ ಕಲ್ಲಿನ ಮೇಲೆ ಉಳಿಯತಕ್ಕವಲ್ಲ. ನಿರಾಶ್ರಿತರ ಶಾಲೆಗಳಲ್ಲಿ ಅವು ಎಲ್ಲಕ್ಕಿಂತ ಬೇಗ ನಾಶವಾಗುತ್ತವೆ. ಅವನ್ನು ಇಂದೇ ಸಂಗ್ರಹಿಸಿಡುವುದು ಮುಂದಿನ ಸಂಶೋಧಕನಿಗೆ ಆಧಾರಸಾಮಗ್ರಿ. ತನ್ನ ಓದಿಗೆ ಸಾಕ್ಷಿ ಕೇಳಿಸಿಕೊಂಡು ನಿಂತಿರುವ ಆ ವಿದ್ಯಾರ್ಥಿಗೆ ಅದು ನೇರವಾದ ಉಪಕಾರ.